ವಿಂಡೋಸ್ ಮತ್ತೆ ಹಾಕಿದ ಮೇಲೆ ವೈಫೈ ಇಲ್ಲ: ಅನುಭವ ಇದ್ದವರು ದಾರಿ ಹೇಳಿ

ತಂಗಿಯ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಮತ್ತೆ ಹಾಕಿಸಿದೆವು. ಈಗ ವೈಫೈ ಬರ್ತಾನೇ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಪಕ್ಕ ಹಳದಿ ಗುರುತು, ಕೋಡ್ 28. ಡ್ರೈವರ್ (ವೈಫೈ ಕಾರ್ಡನ್ನು ವಿಂಡೋಸ್ ನಡೆಸೋಕೆ ಬೇಕಾದ ಸಾಫ್ಟ್‌ವೇರ್) ಇಳಿಸಿಕೊಳ್ಳೋಣ ಅಂದರೆ ನೆಟ್ಟೇ ಇಲ್ಲ. ಏನು ಮಾಡಲಿ?

ಉತ್ತರ 1
ಕೋಡ್ 28 ಅಂದರೆ ಡ್ರೈವರ್ ಇಲ್ಲ ಅಂತ ಅಷ್ಟೇ, ಕಾರ್ಡ್ ಕೆಟ್ಟಿದೆ ಅಂತಲ್ಲ. ಗಾಬರಿ ಬೇಡ ಮೇಡಂ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸೇರಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಬರುತ್ತದೆ. ಸಾಮಾನ್ಯವಾಗಿ ಇದಕ್ಕೆ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಆ ಬಟನ್ ಒತ್ತೋಕೆ ಬರದಿದ್ದರೆ ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್ ಕೇಬಲ್‌ನಲ್ಲಿ ಡೇಟಾ ಹೋಗಲ್ಲ. ನೆಟ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್ ಕೊಟ್ಟು, ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೂ ನೋಡಿ. ಎಷ್ಟೋ ಸಲ ಡ್ರೈವರ್ ಅಲ್ಲೇ ಕೂತಿರುತ್ತದೆ.

ಉತ್ತರ 2
ಅಲ್ಲಿ ಸಿಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿಗೇ ಹೋಗಿ, ಸೀರಿಯಲ್ ನಂಬರ್ ಹಾಕಿ ಹುಡುಕಿ. ಆದರೆ ಅಲ್ಲೊಂದು ತಲೆನೋವಿದೆ. ಒಂದೇ ಮಾಡೆಲ್‌ಗೆ ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರಿರುತ್ತಾರೆ. ನಮ್ಮ ಮನೆಯದಕ್ಕೆ ಸೈಟಿನಲ್ಲಿ ಮೂರು ವೈಫೈ ಡ್ರೈವರ್ ಇದ್ದವು, ಯಾವುದು ನಮ್ಮದು ಅಂತ ಹೇಗೆ ಗೊತ್ತಾಗಬೇಕು? ಆ ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಆಮೇಲೆ ‘ಹಾರ್ಡ್‌ವೇರ್ ಐಡಿ’ ಆರಿಸಿ. ‘ವಿಇಎನ್’ (VEN) ಅಂತ ಇರುವುದರ ಮುಂದಿನ ನಾಲ್ಕು ಅಕ್ಷರ ಕಾರ್ಡ್ ಮಾಡಿದವರ ಗುರುತು. 8086 ಇದ್ದರೆ ಇಂಟೆಲ್, 10ಇಸಿ (10EC) ಇದ್ದರೆ ರಿಯಲ್‌ಟೆಕ್, 14ಇ4 (14E4) ಇದ್ದರೆ ಬ್ರಾಡ್‌ಕಾಮ್. ನಮ್ಮದು ರಿಯಲ್‌ಟೆಕ್ ಅಂತ ಹೀಗೇ ಗೊತ್ತಾಯಿತು. ಇಳಿಸಿದ ಫೋಲ್ಡರ್‌ನಲ್ಲಿ ಸೆಟಪ್ ಇಲ್ಲದೆ ‘ಐಎನ್ಎಫ್’ (.inf) ಫೈಲ್ ಮಾತ್ರ ಇದ್ದರೂ ಸಾಕು. ಅದೇ ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್‌ಡೇಟ್ ಡ್ರೈವರ್’ ಒತ್ತಿ, ‘ಬ್ರೌಸ್ ಮೈ ಕಂಪ್ಯೂಟರ್’ನಲ್ಲಿ ಆ ಫೋಲ್ಡರ್ ತೋರಿಸಿ.

ಉತ್ತರ 3
ದಯವಿಟ್ಟು ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಅನ್ನುವ ಸಾಫ್ಟ್‌ವೇರ್ ಮಾತ್ರ ಹಾಕಬೇಡಿ. ನಮ್ಮ ಆಫೀಸಿನ ಒಂದು ಕಂಪ್ಯೂಟರ್‌ನಲ್ಲಿ ಅದು ಸರಿಯಿದ್ದ ಸೌಂಡನ್ನೂ ಕೆಡಿಸಿತು, ಬೇಡದ ಜಾಹೀರಾತು ಬೇರೆ. ಆಗ ಕೈಹಿಡಿದದ್ದು ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬ್‌ನಲ್ಲಿರುವ, ಹಳೇ ಡ್ರೈವರ್‌ಗೆ ಮರಳಿಸುವ ‘ರೋಲ್ ಬ್ಯಾಕ್ ಡ್ರೈವರ್’.

ಇನ್ನೊಂದು ವಿಷಯ ಅಕ್ಕ. ಡ್ರೈವರ್ ಹಾಕಿದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಹಳೇ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಂಡು ಮತ್ತೆ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಆದರೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅದಾದ ಮೇಲೂ ಹಳದಿ ಗುರುತು ಹೋಗದಿದ್ದರೆ ಕೋಡ್ ಎಷ್ಟು ತೋರಿಸುತ್ತಿದೆ ಅಂತ ಇಲ್ಲೇ ಬರೆಯಿರಿ, ನೋಡೋಣ.