ಹೊಸ ಲೈಸೆನ್ಸ್ ಕಾರ್ಡಲ್ಲಿ ಬೈಕ್ ಬಿಟ್ಟುಹೋಗಿದ್ರೆ ಏನು ಮಾಡ್ಬೇಕು

ಮಂಜು, ನೀನು ಹಾಕಿರೋ ಎರಡೂ ಫೋಟೋ ನೋಡ್ದೆ. ದೊಡ್ಡಪ್ಪನ ಹಳೇ ಪುಸ್ತಕದ ಲೈಸೆನ್ಸಲ್ಲಿ ಗೇರ್ ಬೈಕು, ಕಾರು ಎರಡೂ ಇದೆ. ರಿನ್ಯೂವಲ್ ಆಗಿ ಬಂದಿರೋ ಕಾರ್ಡಲ್ಲಿ ಬರೀ ಎಲ್‌ಎಂವಿ, ಅಂದ್ರೆ ಕಾರಿನ ವರ್ಗ. ಏಜೆಂಟು "ಬೈಕಿಗೆ ಹೊಸದಾಗಿ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ ಸೇರಿಸಿಬಿಡೋಣ" ಅಂದಿದ್ದಾನಲ್ಲ, ದಯವಿಟ್ಟು ಒಪ್ಕೋಬೇಡಿ. ಹಾಗೆ ಮಾಡಿದ್ರೆ 30 ದಿನ ಕಾಯ್ಬೇಕು, ಈ ವಯಸ್ಸಲ್ಲಿ ಟೆಸ್ಟ್ ಕೊಡ್ಬೇಕು. ಅದಕ್ಕಿಂತ ಕೆಟ್ಟದ್ದು, ಬೈಕಿನ ಮುಂದೆ ಈ ವರ್ಷದ ತಾರೀಖು ಕೂತ್ಕೊಳ್ಳುತ್ತೆ. ಇಷ್ಟು ವರ್ಷ ಅವರಿಗೆ ಲೈಸೆನ್ಸೇ ಇರಲಿಲ್ಲ ಅಂತ ನಾವೇ ಬರ್ಕೊಟ್ಟ ಹಾಗಾಗುತ್ತೆ. ಕೇಳ್ಬೇಕಾದ್ದು ಸೇರ್ಪಡೆ ಅಲ್ಲ, ತಿದ್ದುಪಡಿ.

ಪುಸ್ತಕದ ಕಾಲದ ವಿವರ ಎಲ್ಲಾ ಆರ್‌ಟಿಓ ರಿಜಿಸ್ಟರಲ್ಲಿ ಕೈಬರಹದಲ್ಲಿತ್ತು. ಅದನ್ನ ಸಾರಥಿಗೆ, ಅಂದ್ರೆ ಲೈಸೆನ್ಸ್‌ಗಳ ಸರ್ಕಾರಿ ಆನ್‌ಲೈನ್ ದಾಖಲೆಗೆ, ಹತ್ತಿಸೋದೇ ಬ್ಯಾಕ್‌ಲಾಗ್ ಎಂಟ್ರಿ. ಒಂದೊಂದು ವರ್ಗದ ವಾಹನಾನೂ, ಅದರ ತಾರೀಖೂ ಬೇರೆ ಬೇರೆ ತುಂಬ್ಬೇಕು. ಹಾಗೆ ತುಂಬುವಾಗ, ಲೈಸೆನ್ಸ್ ಕೊಟ್ಟ ಮೇಲೆ ಒಳಪುಟದಲ್ಲಿ ಸೀಲ್ ಹಾಕಿ ಸೇರಿಸಿದ ವರ್ಗ ಕಣ್ತಪ್ಪುತ್ತೆ. ಎಂಸಿಡಬ್ಲ್ಯೂಜಿ (ಗೇರ್ ಇರೋದು) ಬದಲು ಎಂಸಿಡಬ್ಲ್ಯೂಓಜಿ (ಗೇರ್ ಇಲ್ಲದ್ದು) ಬಿದ್ರೆ ಗೇರ್ ಬೈಕು ಹೋಗಿ ಸ್ಕೂಟರ್ ಮಾತ್ರ ಉಳಿಯುತ್ತೆ. ಒಂದೂರಲ್ಲಿ ಕಾರು, ಇನ್ನೊಂದೂರಲ್ಲಿ ಬೈಕು ಮಾಡಿಸಿದವರದ್ದಂತೂ ಎರಡನೇ ಕಚೇರಿಯ ನಮೂದೇ ಬಿಟ್ಟುಹೋಗಬಹುದು. ಕಾರ್ಡು ಸಾರಥಿಯಲ್ಲಿ ಇರೋದನ್ನ ಮಾತ್ರ ತೋರ್ಸುತ್ತೆ.

ಮೊದಲು ಸಾರಥಿಯಲ್ಲಿ ಡಿಎಲ್ ನಂಬರ್, ಹುಟ್ಟಿದ ತಾರೀಖು ಹಾಕಿ ವಿವರ ತೆಗೆದು ಪ್ರಿಂಟ್ ಇಟ್ಕೋ. ಅಲ್ಲಿ ಬೈಕ್ ಇದ್ದು ಕಾರ್ಡಲ್ಲಿ ಮಾತ್ರ ಇಲ್ಲ ಅಂದ್ರೆ ಕೆಲಸ ಹಗುರ, ಕಾರ್ಡು ಸರಿಮಾಡಿಸಿದ್ರಾಯ್ತು. ಅಲ್ಲೂ ಇಲ್ಲ ಅಂದ್ರೆ, ಪುಸ್ತಕದ ಎಲ್ಲಾ ಪುಟ ಸ್ಕ್ಯಾನ್ ಮಾಡ್ಸು, ಮಾಸಿದ ಸೀಲ್ ಇರೋ ಪುಟಾನೂ ಬಿಡ್ಬೇಡ. ಮೂಲ ಪುಸ್ತಕ ಸ್ವೀಕೃತಿ ಇಲ್ದೆ ಯಾರ ಕೈಗೂ ಕೊಡ್ಬೇಡಿ, ನಿಮ್ಮ ಕೈಲಿರೋ ಸಾಕ್ಷಿ ಅದೊಂದೇ.

ಅರ್ಜಿ ಬೈಕ್ ನಮೂದು ಮಾಡಿದ ಆರ್‌ಟಿಓಗೇ ಬರೀರಿ. ಡಿಎಲ್ ನಂಬರ್, ಬಿಟ್ಟುಹೋದ ವರ್ಗ, ಪುಸ್ತಕದಲ್ಲಿರೋ ತಾರೀಖು, "ಮೂಲ ರಿಜಿಸ್ಟರ್ ಪರಿಶೀಲಿಸಿ ಸಾರಥಿ ದಾಖಲೆ ತಿದ್ದಬೇಕು" ಅನ್ನೋ ಒಂದು ವಾಕ್ಯ, ಇಷ್ಟು ಸಾಕು. ನಿಮ್ಮ ಪ್ರತಿ ಮೇಲೆ ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳದೆ ಕೌಂಟರ್ ಬಿಡ್ಬೇಡಿ. ರಿಜಿಸ್ಟರ್ ಸಿಗ್ತಿಲ್ಲ ಅಂದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐಯಲ್ಲಿ ಆ ಪುಟದ ದೃಢೀಕೃತ ಪ್ರತಿ ಕೇಳಿ. ನಮ್ಮ ಕರ್ನಾಟಕದ ನಿಯಮದಲ್ಲಿ ಆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರ್ಬೇಕು. ಆಗಲ್ಲ ಅಂತ ಬಾಯಲ್ಲಿ ಹೇಳಿದ್ರೆ ಕೇಳ್ಕೊಂಡು ಬರ್ಬೇಡಿ, ಕಾರಣ ಸಮೇತ ಲಿಖಿತ ಆದೇಶ ಕೊಡಿ ಅನ್ನಿ. ಮೋಟಾರು ವಾಹನ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿರಾಕರಣೆ ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಶಿವಣ್ಣ ಮಾವ, ನಿಮ್ಮ ಲಾರಿ ಲೈಸೆನ್ಸಿನ ಅವಧಿ ಮುಗಿದಿರೋ ವಿಷಯ ಬೇರೆ. ಟ್ರಾನ್ಸ್‌ಪೋರ್ಟ್ (ಬಾಡಿಗೆ, ಸರಕು ವಾಹನದ) ಲೈಸೆನ್ಸಿನ ಅವಧಿ ಮೊದಲು 3 ವರ್ಷ ಇತ್ತು, 2019ರ ತಿದ್ದುಪಡಿ ಆದ್ಮೇಲೆ 5. ಮುಗಿದು ಒಂದು ವರ್ಷ ದಾಟಿದ್ರೆ ಟೆಸ್ಟ್ ಕೊಡಲೇಬೇಕು, ಅದು ಕಚೇರಿ ತಪ್ಪಲ್ಲ. ಆದರೆ ಕಾರಿನ ಅವಧೀನೂ ಟ್ರಾನ್ಸ್‌ಪೋರ್ಟ್ ತಾರೀಖಿಗೇ ಮುಗಿದಂತೆ ತೋರಿಸ್ತಿದ್ರೆ ಬಿಡ್ಬೇಡಿ, ಎರಡಕ್ಕೂ ಬೇರೆ ಬೇರೆ ತಾರೀಖು ಇರುತ್ತೆ.

ಮಂಜು, ತಿದ್ದುಪಡಿ ಆಗೋವರೆಗೂ ದೊಡ್ಡಪ್ಪ ಬೈಕ್ ಮುಟ್ಟೋದು ಬೇಡ. ಸಿಕ್ಕಿಬಿದ್ರೆ ಕಾಯ್ದೆಯಲ್ಲಿ ದಂಡ 5000 ರೂಪಾಯಿ. ಅದು ಹೋಗ್ಲಿ ಅಂದ್ರೂ, ಅಪಘಾತ ಆದ್ರೆ ವಿಮೆಯವರು ಮೊದಲು ನೋಡೋದೇ ಆ ವರ್ಗದ ಲೈಸೆನ್ಸ್ ಇತ್ತಾ ಅಂತ. ಸರಿಯಾದ ಕಾರ್ಡು ಬಂದ್ಮೇಲೂ ವರ್ಗದ ಹೆಸರು ಮಾತ್ರ ನೋಡಿ ಸುಮ್ಮನಾಗ್ಬೇಡ. ಪ್ರತಿ ವರ್ಗದ ಮುಂದಿರೋ ತಾರೀಖನ್ನ ಪುಸ್ತಕದ ಜೊತೆ ತಾಳೆ ನೋಡಿ, ಇಲ್ಲೇ ಫೋಟೋ ಹಾಕು, ನಾನೂ ನೋಡ್ತೀನಿ.