ಇಂಡಿಯಾನಾ ಡ್ಯೂನ್ಸ್‌ಗೆ ಅಪ್ಪ ಅಮ್ಮನ ಜೊತೆ: ಯಾವ ಬೀಚ್ ಒಳ್ಳೆಯದು?

ಹೇಮಾವತಿ_ತೀರ:
ನಮಸ್ಕಾರ. ನಾವಿರುವುದು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಹಾಸನದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಜುಲೈನಲ್ಲಿ ಒಂದು ಶನಿವಾರ ಮಿಶಿಗನ್ ಸರೋವರದ ದಡದಲ್ಲಿರುವ ಮರಳ ದಿಬ್ಬಗಳ ಜಾಗ, ಇಂಡಿಯಾನಾ ಡ್ಯೂನ್ಸ್‌ಗೆ ಹೋಗೋಣ ಅಂದುಕೊಂಡಿದ್ದೇವೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮಗಳಿಗೆ ಆರು ವರ್ಷ. ಅಪ್ಪ ಹೇಮಾವತಿ ಹೊಳೆಯಲ್ಲಿ ಈಜು ಕಲಿತವರು. "ಸಮುದ್ರ ಅಲ್ಲವಲ್ಲ, ಕೆರೆ ತಾನೇ" ಅಂತ ಈಗಲೇ ಟವೆಲ್ ತೆಗೆದಿಟ್ಟಿದ್ದಾರೆ. ವೆಸ್ಟ್ ಬೀಚ್‌ಗೆ ಹೋಗುವುದಾ, ಸ್ಟೇಟ್ ಪಾರ್ಕ್‌ಗಾ? ಮಗಳಿಗೆ ಗಾಳಿ ತುಂಬುವ ಟ್ಯೂಬ್ ಕೊಂಡಿದ್ದೇವೆ, ಸಾಕಾಗುತ್ತದಾ?

ಅವರೆಕಾಯಿ_ಕಾಲ:
ಅಮ್ಮನಿಗಾಗಿ ಸ್ಟೇಟ್ ಪಾರ್ಕ್. ಅಲ್ಲಿ ಕಾರು ನಿಲ್ಲಿಸುವ ಜಾಗದ ಎದುರಿಗೇ ಬೀಚ್. ವೆಸ್ಟ್ ಬೀಚ್‌ನಲ್ಲಿ ಕಾರಿನಿಂದ ಸ್ವಲ್ಪ ದೂರ ನಡೆಯಬೇಕು. ಒಂದು ವಿಷಯ ನೆನಪಿಡಿ: ವೆಸ್ಟ್ ಬೀಚ್ ಇರುವ ನ್ಯಾಷನಲ್ ಪಾರ್ಕ್ ಬೇರೆ, ಸ್ಟೇಟ್ ಪಾರ್ಕ್ ಬೇರೆ. ನ್ಯಾಷನಲ್ ಪಾರ್ಕ್‌ನ ವರ್ಷದ ಪಾಸ್ ಸ್ಟೇಟ್ ಪಾರ್ಕ್ ಗೇಟಿನಲ್ಲಿ ನಡೆಯುವುದಿಲ್ಲ. ಶನಿವಾರ ಆದರೆ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರಿ, ತಡವಾದರೆ ಪಾರ್ಕಿಂಗ್ ಸಿಗುವುದು ಕಷ್ಟ. ಚಿತ್ರಾನ್ನ, ಮೊಸರನ್ನ ಡಬ್ಬಿಗಳ ಮುಚ್ಚಳ ಬಿಗಿಯಾಗಿರಲಿ. ಹಕ್ಕಿಗಳು ಬಿಡುವುದಿಲ್ಲ.

ಭದ್ರಾ_ನಾಲೆ:
"ಕೆರೆ ತಾನೇ" ಅನ್ನುವ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ನಾನೂ ಅದೇ ಮಾತು ಹೇಳಿದ್ದೆ. ಭದ್ರಾ ನಾಲೆಯಲ್ಲಿ ಈಜು ಕಲಿತವನು ನಾನು. ಹರಿಯುವ ನೀರು ನನಗೆ ಗೊತ್ತು ಅನ್ನುವ ಧೈರ್ಯ ಇತ್ತು.

ಮೂರು ವರ್ಷದ ಹಿಂದೆ, ಆಗಸ್ಟ್. ಒಳ್ಳೆಯ ಬಿಸಿಲು, ಜೊತೆಗೆ ಉತ್ತರದ ಗಾಳಿ. ಅದರ ಅರ್ಥ ಆಗ ತಿಳಿದಿರಲಿಲ್ಲ. ಮಿಶಿಗನ್ ಸರೋವರ ಉತ್ತರದಿಂದ ದಕ್ಷಿಣಕ್ಕೆ 300 ಮೈಲಿಗಿಂತ ಉದ್ದ. ಡ್ಯೂನ್ಸ್ ಇರುವುದು ಅದರ ದಕ್ಷಿಣ ತುದಿಯಲ್ಲಿ. ಗಾಳಿ ಅಷ್ಟು ದೂರದಿಂದ ನೀರನ್ನು ತಳ್ಳಿಕೊಂಡು ಬಂದು ಇಲ್ಲಿ ಅಪ್ಪಳಿಸುತ್ತದೆ. ಸಮುದ್ರದಲ್ಲಾದರೆ ಒಂದು ಅಲೆ ಹೋಗಿ ಇನ್ನೊಂದು ಬರುವಷ್ಟರಲ್ಲಿ ಉಸಿರು ಎಳೆದುಕೊಳ್ಳಬಹುದು. ಇಲ್ಲಿ ನಾಲ್ಕೈದು ಸೆಕೆಂಡಿಗೆ ಒಂದು ಅಲೆ. ನೀರಲ್ಲಿ ಉಪ್ಪಿಲ್ಲ, ಮೈ ಅಷ್ಟು ಸಲೀಸಾಗಿ ತೇಲುವುದೂ ಇಲ್ಲ.

ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದೆ. ಕಾಲ ಕೆಳಗಿನ ಮರಳು ಜಾರಿತು. ದಡಕ್ಕೆ ಬಂದ ನೀರು ಒಂದೇ ಓಣಿ ಹಿಡಿದು ಒಳಕ್ಕೆ ವಾಪಸ್ ನುಗ್ಗುತ್ತದಲ್ಲ, ಆ ಸೆಳೆತಕ್ಕೆ ಸಿಕ್ಕಿಬಿದ್ದೆ. ದಡದ ಕಡೆ ಈಜಿದೆ, ಈಜಿದೆ. ಹೆಂಡತಿ ನೆಟ್ಟಿದ್ದ ಹಳದಿ ಛತ್ರಿ ಚಿಕ್ಕದಾಗುತ್ತಲೇ ಹೋಯಿತು. ತೋಳು ಸೋತವು. ಆಗ ಸರ್ಫ್ ಬೋರ್ಡ್ ಮೇಲಿದ್ದ ಒಬ್ಬ ಹುಡುಗಿ ಕೂಗಿದಳು: ಈಜಬೇಡಿ, ಅಂಗಾತ ಮಲಗಿ. ಮಲಗಿದೆ. ಸ್ವಲ್ಪ ದೂರ ಎಳೆದುಕೊಂಡು ಹೋದ ಮೇಲೆ ಸೆಳೆತ ತಾನಾಗಿ ಸಡಿಲವಾಯಿತು. ಆಮೇಲೆ ಪಕ್ಕಕ್ಕೆ ಈಜಿ, ಓರೆಯಾಗಿ ದಡ ಸೇರಿದೆ. ಮರಳ ಮೇಲೆ ಕೂತು ವಾಂತಿ ಮಾಡಿಕೊಂಡೆ. ಮಗ ಬಂದು ಬೆನ್ನು ನೀವಿದ. ಅವನ ಇನ್ನೊಂದು ಕೈಯಲ್ಲಿ ಆಟದ ಸಲಿಕೆ ಹಾಗೇ ಇತ್ತು.

ದಯವಿಟ್ಟು ತಂದೆಯವರಿಗೆ ಇದನ್ನು ಓದಿ ಹೇಳಿ. ಹೊರಡುವ ಮುಂಚೆ ಅಮೆರಿಕದ ಹವಾಮಾನ ಇಲಾಖೆ ಈ ತೀರಕ್ಕೆ ಕೊಡುವ ಈಜಿನ ಅಪಾಯದ ಮಟ್ಟ ನೋಡಿ. ಹೆಚ್ಚು ಅಂತ ಇದ್ದರೆ ನೀರಿಗೆ ಇಳಿಯಬೇಡಿ. ಕಲ್ಲು, ಕಾಂಕ್ರೀಟಿನ ತಡೆಗೋಡೆ ಪಕ್ಕದಲ್ಲಂತೂ ಯಾವತ್ತೂ ಬೇಡ, ಅದರ ಬದಿಯಲ್ಲೇ ಸೆಳೆತ ಹರಿಯುತ್ತದೆ. ಲೈಫ್‌ಗಾರ್ಡ್ ಇರುವ ಕಡೆ ಮಾತ್ರ ಇಳಿಯಿರಿ.

ಟ್ಯೂಬ್ ಮನೆಯಲ್ಲೇ ಬಿಡಿ. ದಕ್ಷಿಣದ ಗಾಳಿ ಇರುವ ದಿನ ನೀರು ನೋಡಲು ಕನ್ನಡಿಯ ಹಾಗೆ ಇರುತ್ತದೆ. ಆದರೆ ಆ ಗಾಳಿ ದಡದಿಂದ ಒಳಕ್ಕೆ ಬೀಸುವುದು. ಟ್ಯೂಬಿನಲ್ಲಿ ಕೂತ ಮಗು ತೇಲಿಕೊಂಡು ದೂರ ಹೋಗಿಬಿಡುತ್ತದೆ. ಅದೇ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ತಳ್ಳಿ, ತಳದ ತಣ್ಣೀರು ಮೇಲೆ ಬರುವ ಹಾಗೆ ಮಾಡುತ್ತದೆ. ಜುಲೈ ಬಿಸಿಲಲ್ಲೂ ಕಾಲು ಮರಗಟ್ಟಬಹುದು. ಅಳತೆಗೆ ಸರಿಯಾದ ಲೈಫ್ ಜಾಕೆಟ್ ಹಾಕಿ, ನೀವು ಕೈಗೆಟಕುವಷ್ಟು ಹತ್ತಿರ ಇರಿ.

ಮಲ್ಲಿಗೆ_ಮೊಗ್ಗು:
ಮಧ್ಯಾಹ್ನ ಮರಳು ಹಂಚಿನ ಹಾಗೆ ಕಾದಿರುತ್ತದೆ. ನಮ್ಮತ್ತೆಯವರ ಅಂಗಾಲು ಸುಟ್ಟು ಬೊಬ್ಬೆ ಬಂದಿತ್ತು. ಚಪ್ಪಲಿ ಬಿಡಬೇಡಿ. ಮಡಚುವ ಕುರ್ಚಿಯನ್ನು ಒದ್ದೆ ಮರಳ ಮೇಲೆ ಹಾಕಿದರೆ ಹೂತುಹೋಗುವುದಿಲ್ಲ, ಅಮ್ಮನಿಗೆ ಏಳಲು ಸುಲಭ. ಮಗು ಹಾದಿ ಬಿಟ್ಟು ಮರಳ ದಿಬ್ಬ ಹತ್ತದಂತೆ ನೋಡಿಕೊಳ್ಳಿ. 2013ರಲ್ಲಿ ಮೌಂಟ್ ಬಾಲ್ಡಿ ದಿಬ್ಬದಲ್ಲಿ ಆರು ವರ್ಷದ ಹುಡುಗ ಮರಳಿನೊಳಗೆ ಹೂತುಹೋಗಿದ್ದ. ಮೂರು ಗಂಟೆಗೂ ಹೆಚ್ಚು ಅಗೆದು ಜೀವಂತ ತೆಗೆದರು. ಹಿಂದೆ ಮರಳು ಮುಚ್ಚಿದ್ದ ಮರಗಳು ಒಳಗೇ ಕೊಳೆತು ಪೊಳ್ಳು ಬಿದ್ದಿರುತ್ತವಂತೆ.

ಹೇಮಾವತಿ_ತೀರ:
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊಮ್ಮಗಳ ಜೊತೆ ಮಂಡಿವರೆಗಿನ ನೀರಲ್ಲೇ ಇರುತ್ತೇನೆ ಅಂದರು. ಟ್ಯೂಬ್ ವಾಪಸ್ ಕೊಡುತ್ತೇವೆ. ಅವರದು ಒಂದೇ ಪ್ರಶ್ನೆ: ಗಾಳಿಯ ದಿಕ್ಕು ಹಿಂದಿನ ದಿನವೇ ಗೊತ್ತಾಗುತ್ತದಾ?

ಭದ್ರಾ_ನಾಲೆ:
ಗೊತ್ತಾಗುತ್ತದೆ. ಶುಕ್ರವಾರ ರಾತ್ರಿ ಒಮ್ಮೆ, ಬೆಳಿಗ್ಗೆ ಹೊರಡುವಾಗ ಇನ್ನೊಮ್ಮೆ ನೋಡಿ. ಉತ್ತರದ ಗಾಳಿ ಜೋರಾಗಿದ್ದರೆ ಮುಂದಿನ ವಾರಕ್ಕೆ ಹಾಕಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.