ಎರಡು ಹೆಸರು ಒಂದೇನಾ? ರಿಕರ್ಶನ್‌ನಲ್ಲಿ ನೋಡೋದು ಹೇಗೆ

ಪ್ರಶ್ನೆ (ಬಿಸಿಎ ವಿದ್ಯಾರ್ಥಿನಿ, ಚಿತ್ರದುರ್ಗ): ಸರ್, ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ಒಂದೇನಾ ಅಂತ ನೋಡಲು ಪೈಥಾನ್‌ನಲ್ಲಿ ರಿಕರ್ಶನ್ (ತನ್ನನ್ನೇ ಮತ್ತೆ ಕರೆಯುವ ಫಂಕ್ಷನ್) ಬರೆದಿದ್ದೇನೆ. ಎರಡೂ ಖಾಲಿ ಆದರೆ ಟ್ರೂ. ಮೊದಲ ಅಕ್ಷರ ಬೇರೆ ಇದ್ದರೆ ಫಾಲ್ಸ್. ಒಂದೇ ಇದ್ದರೆ ಉಳಿದ ಭಾಗಕ್ಕೆ ಅದೇ ಫಂಕ್ಷನ್ ಕರೆಯುತ್ತೇನೆ. ಆದರೆ ಎರಡೂ ಕಡೆ ‘ಹಿರಿಯೂರು’ ಕೊಟ್ಟರೆ ‘ನನ್’ (None, ಅಂದರೆ ಏನೂ ಇಲ್ಲ) ಅಂತ ಬರುತ್ತದೆ. ‘ಹಿರಿಯೂರು’, ‘ಹಿರಿ’ ಕೊಟ್ಟರೆ ಇಂಡೆಕ್ಸ್ ಎರರ್ (ಇಲ್ಲದ ಅಕ್ಷರ ಕೇಳಿದಾಗ ಬರುವ ದೋಷ).

ಉತ್ತರ (ಸಾಫ್ಟ್‌ವೇರ್ ಡೆವಲಪರ್, ದಾವಣಗೆರೆ): ಯೋಚನೆ ಸರಿಯಾಗಿದೆಯಮ್ಮ. ಒಳಗಿನ ಕರೆಯ ಮುಂದೆ ‘ರಿಟರ್ನ್’ ಬಿಟ್ಟುಹೋಗಿರಬೇಕು. ಕೊನೆಯ ಕರೆ ಟ್ರೂ ಅನ್ನುತ್ತದೆ, ಅದನ್ನು ಮೇಲಕ್ಕೆ ದಾಟಿಸುವವರೇ ಇಲ್ಲ. ಏನೂ ರಿಟರ್ನ್ ಮಾಡದ ಫಂಕ್ಷನ್‌ನಿಂದ ಪೈಥಾನ್‌ನಲ್ಲಿ ‘ನನ್’ ಬರುತ್ತದೆ. ಇನ್ನು ಒಂದು ಮಾತ್ರ ಖಾಲಿಯಾದರೆ ಫಾಲ್ಸ್ ಕೊಡಿ, ಆಮೇಲೆ ಮೊದಲ ಅಕ್ಷರ ಮುಟ್ಟಿ. ಇಂಡೆಕ್ಸ್ ಎರರ್ ಹೋಗುತ್ತದೆ.

ಆದರೆ ಇದು ಅಭ್ಯಾಸಕ್ಕೆ ಮಾತ್ರ. ಪೈಥಾನ್ ರಿಕರ್ಶನ್‌ನ ಮಿತಿ ಸಾಮಾನ್ಯವಾಗಿ ಒಂದರೊಳಗೊಂದು 1000 ಕರೆ. ಉದ್ದದ ಪ್ಯಾರಾ ಕೊಟ್ಟರೆ ಪ್ರೋಗ್ರಾಂ ಬಿದ್ದೇ ಹೋಗುತ್ತದೆ. ನಿಜವಾದ ಕೆಲಸದಲ್ಲಿ ಎರಡು ಈಕ್ವಲ್ ಚಿಹ್ನೆ (==) ಹಾಕಿ, ಸುಮ್ನೆ ಕಷ್ಟ ಯಾಕೆ?

ಅದೇ ವಿದ್ಯಾರ್ಥಿನಿ: ಸರಿಹೋಯ್ತು ಸರ್! ನಮ್ಮ ಪ್ರಾಜೆಕ್ಟ್‌ನ ಊರುಗಳ ಪಟ್ಟಿಯಲ್ಲಿ ಒಬ್ಬರು ‘ಹೊಳಲ್ಕೆರೆ’ ಅಂತ, ಇನ್ನೊಬ್ಬರು ‘ಹೊಳಲಕೆರೆ’ ಅಂತ ಟೈಪ್ ಮಾಡಿದ್ದಾರೆ. ಇದನ್ನು ಹಿಡಿಯೋದು ಹೇಗೆ?

ಉತ್ತರ: ರಿಕರ್ಶನ್ ಬೇಕಾಗುವುದು ಇಂಥ ಕಡೆ. ‘ಒಂದೇನಾ’ ಅನ್ನುವ ಬದಲು ‘ಎಷ್ಟು ತಿದ್ದಿದರೆ ಒಂದಾಗುತ್ತೆ’ ಅಂತ ಕೇಳಿ. 1965ರಲ್ಲಿ ಇದನ್ನು ಹೇಳಿದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಹೆಸರಲ್ಲೇ ಈ ಅಳತೆ ಇದೆ. ಅಕ್ಷರ ಹೊಂದಿದರೆ ಎರಡರಲ್ಲೂ ಮುಂದೆ ಹೋಗಿ. ಹೊಂದದಿದ್ದರೆ ತೆಗೆಯುವುದು, ಸೇರಿಸುವುದು, ಬದಲಿಸುವುದು, ಮೂರನ್ನೂ ಕರೆದು ಕಡಿಮೆ ಬಂದದ್ದಕ್ಕೆ 1 ಕೂಡಿಸಿ. ಒಂದು ಖಾಲಿಯಾದರೆ ಇನ್ನೊಂದರ ಉಳಿದ ಉದ್ದವೇ ಉತ್ತರ.

ನಿಮ್ಮ ಜೋಡಿಗೆ 1 ಬರುತ್ತದೆ. ‘ಲ್ಕೆ’ ನಮಗೆ ಒಂದಕ್ಷರ, ಕಂಪ್ಯೂಟರ್‌ಗೆ ನಾಲ್ಕು ಕೋಡ್: ಲ, ಹಲಂತ, ಕ, ಎತ್ವ. ಇಲ್ಲಿ ಬಿಟ್ಟುಹೋಗಿರುವುದು ಹಲಂತ ಅಷ್ಟೇ.

ಹೀಗೇ ಬಿಟ್ಟರೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ. ಸ್ಟ್ರಿಂಗ್ ಕತ್ತರಿಸದೆ ಎರಡು ಇಂಡೆಕ್ಸ್ (ಎಷ್ಟನೇ ಅಕ್ಷರ ಅನ್ನುವ ಸಂಖ್ಯೆ) ಕಳಿಸಿ, ಬಂದ ಉತ್ತರವನ್ನು ಡಿಕ್ಷನರಿಯಲ್ಲಿ (ಪೈಥಾನ್‌ನ ಹುಡುಕು-ಪಟ್ಟಿ) ಇಟ್ಟುಕೊಳ್ಳಿ. 9 ಮತ್ತು 8 ಕೋಡ್‌ನ ಈ ಹೆಸರುಗಳಿಗೆ ಜಾಸ್ತಿ ಅಂದರೆ 90 ಲೆಕ್ಕ. ಮತ್ತೆ, 1 ಬಂತು ಅಂತ ಎರಡು ಊರು ಸೇರಿಸಿಬಿಡಬೇಡಿ. ಪಟ್ಟಿ ತೆಗೆದು ಕಣ್ಣಾರೆ ನೋಡಿ.

ಇನ್ನೊಬ್ಬ ಸದಸ್ಯರು, ದಾವಣಗೆರೆ: ನನಗೆ ಎರಡು ‘ಹೊನ್ನಾಳಿ’ ನೋಡೋಕೆ ಒಂದೇ ಥರ ಇದ್ದರೂ ಫಾಲ್ಸ್ ಬರ್ತಿದೆಯಲ್ಲ ಸರ್?

ಉತ್ತರ: ‘ಹೊ’ದ ಒತ್ವ ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಕೋಡ್ ಪಟ್ಟಿ) ಒಂದೇ ಕೋಡ್ ಆಗಿಯೂ ಇರಬಹುದು, ಎರಡು ಚೂರಾಗಿಯೂ ಇರಬಹುದು. ಹೋಲಿಸುವ ಮೊದಲು ಎರಡನ್ನೂ ಯುನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ (ಚೂರುಗಳನ್ನು ಒಂದೇ ಕೋಡ್ ಮಾಡುವ ರೂಪ) ಅಂತ ಹೇಳಿ ಹಾಕಿ, ಆಮೇಲೆ ನೋಡಿ.